ಗಾಜಿನ ಪೆಟ್ಟಿಗೆಯ ಹುಲಿಗೆ ಅವ್ವ ಕೈಮುಗಿದಳು

ಗಾಜಿನ ಪೆಟ್ಟಿಗೆಯ ಮುಂದೆ ಅವ್ವ ಚಪ್ಪಲಿ ಬಿಟ್ಟು ನಿಂತಳು. ಸೆರಗು ಸರಿಮಾಡಿಕೊಂಡು ಕೈಮುಗಿದಳು. ‘ಉಘೇ ಮಾದಪ್ಪ’ ಎಂದು ಅವಳ ತುಟಿ ಅಲುಗಿದ್ದು ಕಾಣಿಸಿತು. ಪಕ್ಕದಲ್ಲಿದ್ದ ವಿದೇಶಿ ದಂಪತಿ ಒಂದು ಹೆಜ್ಜೆ ಹಿಂದೆ ಸರಿದು ಅವಳಿಗೆ ಜಾಗ ಬಿಟ್ಟರು. ಅದು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯ. ಪೆಟ್ಟಿಗೆಯೊಳಗೆ ಇದ್ದದ್ದು ಟಿಪ್ಪು ಸುಲ್ತಾನನ ಮರದ ಹುಲಿ. 2018ರ ಜುಲೈ ತಿಂಗಳ ಆ ಮಧ್ಯಾಹ್ನ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ.

ನಮ್ಮದು ಗುಂಡ್ಲುಪೇಟೆ ತಾಲ್ಲೂಕು. ಹಂಗಳದ ಆಚೆ, ಬಂಡೀಪುರದ ಕಾಡಂಚಿಗೆ ಹೊಲ. ನಾನು ಸಂಸಾರ ಹೂಡಿರುವುದು ಚಾಮರಾಜನಗರದಲ್ಲಿ. ತಮ್ಮನಿಗೆ ಲಂಡನ್ನಿನಲ್ಲಿ ಕೆಲಸ. ಅವನ ಒತ್ತಾಯಕ್ಕೆ ಅವ್ವ, ನಾನು, ಹೆಂಡತಿ, ಹತ್ತು ವರ್ಷದ ಮಗಳು ನಾಲ್ವರೂ ಹೊರಟೆವು.

ಚಳಿಯ ದೇಶ ಎಂದು ಸ್ವೆಟರ್ ಹೊತ್ತು ಹೋದರೆ ಆ ವರ್ಷ ಅಲ್ಲಿ ಬಿಸಿಲೋ ಬಿಸಿಲು. ನೆಲದಡಿಯ ರೈಲಿನೊಳಗೆ ಸೆಕೆ. ಸಂತೆ ದಿನದ ತೆರಕಣಾಂಬಿ ಬಸ್ಸಿನಂತೆ ಜನ. ಎಸ್ಕಲೇಟರಿನಲ್ಲಿ ಬಲಗಡೆ ನಿಂತು ಎಡಗಡೆಯನ್ನು ಅವಸರದವರಿಗೆ ಬಿಡಬೇಕು. ಅದು ತಿಳಿಯದೆ ಮಗಳ ಕೈಹಿಡಿದು ಅಡ್ಡ ನಿಂತು ಹಿಂದಿನವರಿಂದ ಬೈಸಿಕೊಂಡೆ. ಬಕಿಂಗ್‌ಹ್ಯಾಮ್ ಅರಮನೆಯ ಮುಂದೆ ಕಾವಲು ಬದಲಾಗುವುದನ್ನು ನೋಡಲು ಎರಡು ಗಂಟೆ ಕಾದೆವು; ಕಂಡದ್ದು ಜನರ ಬೆನ್ನು, ಮೇಲೆತ್ತಿದ ಮೊಬೈಲುಗಳು. ಮಗಳು ಶಾಲೆಯ ಪುಸ್ತಕದಲ್ಲಿ ನೋಡಿ ಆಸೆಪಟ್ಟಿದ್ದ ಬಿಗ್ ಬೆನ್ ಗೋಪುರಕ್ಕೆ ರಿಪೇರಿಗೆಂದು ಸಾರ್ವೆ ಕಟ್ಟಿದ್ದರು. ದಿನನಿತ್ಯದ ಗಂಟೆ ಬಡಿತ 2017ರ ಆಗಸ್ಟಿನಲ್ಲೇ ನಿಂತಿತ್ತು. ಅವಳ ಮುಖ ಬಾಡಿತು.

ಒಳ್ಳೆಯದೂ ಅಷ್ಟೇ ಇತ್ತು. ಅವ್ವ ಬಸ್ ಹತ್ತಿದ ಕೂಡಲೇ ಯಾರಾದರೊಬ್ಬರು ಎದ್ದು ಸೀಟು ಬಿಡುತ್ತಿದ್ದರು. ಥೇಮ್ಸ್ ನದಿಯ ದಂಡೆಯಲ್ಲಿ, ಪಾರ್ಲಿಮೆಂಟಿನ ಎದುರು ದಡಕ್ಕೆ, 2015ರ ನವೆಂಬರ್ 14ರಂದು ಪ್ರಧಾನಿ ಮೋದಿ ಅನಾವರಣ ಮಾಡಿದ ಬಸವಣ್ಣನ ಪ್ರತಿಮೆ ಇದೆ. ಅಷ್ಟು ದೂರ ಬಂದು ಬಸವಣ್ಣನನ್ನು ಕಂಡಾಗ ಹೆಂಡತಿಯ ಕಣ್ಣು ತುಂಬಿತು.

ಆ ದಿನಗಳಲ್ಲಿ ನನಗೆ ಮತ್ತೆ ಮತ್ತೆ ನೆನಪಾದದ್ದು ನಮ್ಮೂರ ಹೆದ್ದಾರಿ. ಜುಲೈ ಬಂತೆಂದರೆ ಗುಂಡ್ಲುಪೇಟೆಯ ರಸ್ತೆಬದಿಯಲ್ಲಿ ಸೂರ್ಯಕಾಂತಿ, ಚೆಂಡುಹೂ. ಊಟಿಗೂ ವಯನಾಡಿಗೂ ಹೋಗುವವರು ಕಾರು ನಿಲ್ಲಿಸಿ ಫೋಟೊಗೆಂದು ಹೊಲಕ್ಕೆ ಇಳಿಯುತ್ತಾರೆ. ಅವರು ಗಿಡ ತುಳಿದಾಗ ರೇಗುತ್ತಿದ್ದವನು ನಾನು. ಲಂಡನ್ನಿನಲ್ಲಿ ನಾನೇ ಅವರ ಜಾಗದಲ್ಲಿದ್ದೆ: ಊರಿನ ರೀತಿ ಗೊತ್ತಿಲ್ಲದವನು, ಅವಸರದಲ್ಲಿರುವವನು, ನೋಡಿದ್ದಕ್ಕಿಂತ ಫೋಟೊ ತೆಗೆದದ್ದೇ ಹೆಚ್ಚು. ಆ ಅವಸರ ಇಳಿದದ್ದು ಮರದ ಹುಲಿಯ ಮುಂದೆ. ಅಲ್ಲಿ ಟಿಕೆಟ್ ಇಲ್ಲ, ನೂಕುನುಗ್ಗಲಿಲ್ಲ. ಒಂದೂವರೆ ಗಂಟೆ ನಿಂತಿದ್ದೆವು.

ಹುಲಿಯ ಉದ್ದ 178 ಸೆಂಟಿಮೀಟರ್. ಅಂಗಾತ ಬಿದ್ದ ಯೂರೋಪಿನ ಮನುಷ್ಯನೊಬ್ಬನ ಕೊರಳಿಗೆ ಬಾಯಿ ಹಾಕಿದೆ. ಅವನ ತಲೆಗೆ ಕರಿಯ ಟೋಪಿ, ಮೈಗೆ ಕೆಂಪು ಕೋಟು. ಹುಲಿಯ ಭುಜದ ಬಳಿ ಒಂದು ಹಿಡಿಕೆ. ಅದನ್ನು ತಿರುಗಿಸಿದರೆ ಒಳಗಿನ ತಿದಿಗಳು ಗಾಳಿಯೂದಿ ಹುಲಿ ಗುರುಗುಟ್ಟುತ್ತದೆ, ಮನುಷ್ಯ ನರಳುತ್ತಾನೆ, ಅವನ ಒಂದು ಕೈ ಮೇಲೆ ಕೆಳಗೆ ಆಡುತ್ತದೆ. ಪಕ್ಕೆಯ ಮುಚ್ಚಳ ತೆರೆದರೆ ಹಾರ್ಮೋನಿಯಂನಂತೆ ನುಡಿಸಲು ದಂತದ 18 ಕೀಗಳು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಅರಮನೆಯಲ್ಲಿ ವಾದ್ಯಗಳನ್ನು ಇಟ್ಟಿದ್ದ ಕೋಣೆಯಲ್ಲಿ ಇದು ಇಂಗ್ಲಿಷರ ಕೈಗೆ ಸಿಕ್ಕಿತು. 1808ರಲ್ಲಿ ಲಂಡನ್ನಿನ ಲೆಡನ್‌ಹಾಲ್ ಬೀದಿಯಲ್ಲಿದ್ದ ಈಸ್ಟ್ ಇಂಡಿಯಾ ಕಂಪನಿಯ ಕಚೇರಿಯಲ್ಲಿ ಪ್ರದರ್ಶನಕ್ಕೆ ಇಟ್ಟರು. ನನ್ನನ್ನು ಹಿಡಿದು ನಿಲ್ಲಿಸಿದ್ದು ಮುಂದಿನ ಕಥೆ. ಹಿಡಿಕೆ ತಿರುಗಿಸಲು ಯಾರಿಗೂ ಅಡ್ಡಿಯಿರಲಿಲ್ಲ. ಬೀದಿಯ ಜನ ಬರುವುದು, ತಿರುಗಿಸುವುದು, ಹುಲಿ ಕೂಗುವುದು. ಅಲ್ಲಿನ ಗ್ರಂಥಾಲಯದಲ್ಲಿ ಸಂಸ್ಕೃತ, ಪಾರಸಿ ಹಸ್ತಪ್ರತಿ ಹರಡಿಕೊಂಡು ಕುಳಿತ ವಿದ್ವಾಂಸರಿಗೆ ತಲೆಚಿಟ್ಟು. ಪತ್ರಿಕೆಯಲ್ಲೂ ಆ ಗದ್ದಲದ ಸುದ್ದಿ ಬಂತು. ಕೊನೆಗೆ ಹಿಡಿಕೆಯೇ ಕಾಣೆಯಾಯಿತು! ಯಾರೋ ಓದುಗನೇ ಬಿಚ್ಚಿಟ್ಟುಕೊಂಡಿರಬೇಕು ಎಂಬುದು ನನ್ನ ಊಹೆ. ನಮ್ಮ ಸೀಮೆಯ ಹುಲಿಯ ಕೂಗು ಕಂಪನಿಯ ಸ್ವಂತ ಮನೆಯೊಳಗೆ ವರ್ಷಗಟ್ಟಲೆ ಅವರ ನೆಮ್ಮದಿ ಕೆಡಿಸಿತ್ತು ಎಂಬುದನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ. 1880ರ ಹೊತ್ತಿಗೆ ಅದು ಈಗಿನ ಸಂಗ್ರಹಾಲಯಕ್ಕೆ ಬಂತು. ಎರಡನೇ ಮಹಾಯುದ್ಧದಲ್ಲಿ ಛಾವಣಿ ಕುಸಿದು ಚೂರಾದಾಗ ಮತ್ತೆ ಜೋಡಿಸಿದರು. ಈಗ ನೋಡಲು ಬಂದವರು ಮುಟ್ಟುವಂತಿಲ್ಲ. ಆ ನಗರದಲ್ಲಿ ನಾವು ಕೇಳಬೇಕೆಂದಿದ್ದ ಎರಡು ದನಿಗಳಲ್ಲಿ, ಬಿಗ್ ಬೆನ್ನಿನ ಗಂಟೆ, ಈ ಹುಲಿಯ ಕೂಗು, ಒಂದೂ ನಮಗೆ ಕೇಳಿಸಲಿಲ್ಲ.

ಕೆಳಗೆ ಬಿದ್ದವನು ಯಾರು? ಹೈದರಾಲಿಯ ವಿರುದ್ಧ ಹೋರಾಡಿದ ಜನರಲ್ ಹೆಕ್ಟರ್ ಮನ್ರೋನ ಮಗ 1792ರಲ್ಲಿ ಬಂಗಾಳದ ಸಾಗರ ದ್ವೀಪದಲ್ಲಿ ಹುಲಿಯ ಬಾಯಿಗೆ ಸಿಕ್ಕಿ ಸತ್ತ. ಆ ಸುದ್ದಿ ಕೇಳಿಯೇ ಟಿಪ್ಪು ಇದನ್ನು ಮಾಡಿಸಿದ ಎನ್ನುತ್ತಾರೆ. ನನಗೆ ಇದು ಪೂರ್ತಿ ಒಪ್ಪಿಗೆಯಿಲ್ಲ. ಟಿಪ್ಪುವಿನ ಸಿಂಹಾಸನದಲ್ಲಿ ಹುಲಿ, ಫಿರಂಗಿಯ ಬಾಯಲ್ಲಿ ಹುಲಿ, ಸೈನಿಕರ ಅಂಗಿಯ ಮೇಲೆ ಹುಲಿಪಟ್ಟೆ. ಅಂಥವನಿಗೆ ಹುಲಿ ಕೆತ್ತಿಸಲು ಬಂಗಾಳದ ಸುದ್ದಿಯೇ ಬೇಕಿತ್ತೆ?

ಇದನ್ನೆಲ್ಲ ನಾನು ಮಗಳಿಗೆ ಹೇಳುತ್ತಿದ್ದಾಗ ಅವ್ವ ಮಧ್ಯೆ ಬಾಯಿ ಹಾಕಿದಳು: ‘ಇದು ಮಾದಪ್ಪನ ಹುಲಿ ಕನ ಮೊಗ. ಆದ್ರ ಕೆಳಗ ಬಿದ್ದೋನೂ ಯಾವ್ಳೋ ತಾಯಿ ಮಗ ಅಲ್ವ?’

ನಾವು ಮಾದಪ್ಪ ಎಂದು ಕರೆಯುವ ಮಲೆ ಮಹದೇಶ್ವರನ ಬೆಟ್ಟದಲ್ಲಿ ಅವನ ಹುಲಿವಾಹನ ಎಳೆದವಳು ಅವಳು. ಹೊಲದ ಬದುವಿನಲ್ಲಿ ಹುಲಿಯ ಹೆಜ್ಜೆ ನೋಡಿ ಮನೆಗೆ ವಾಪಸಾದವಳೂ ಅವಳೇ. ನಾವು ಮರಳಿ ಬಂದ ಮರುವರ್ಷ, 2019ರಲ್ಲಿ, ನಮ್ಮ ತಾಲ್ಲೂಕಿನ ಚೌಡಹಳ್ಳಿಯ ಸುತ್ತ ಹುಲಿಯೊಂದು ಇಬ್ಬರನ್ನು ಕೊಂದಿತು. ಅಕ್ಟೋಬರಿನಲ್ಲಿ ಅದನ್ನು ಸೆರೆಹಿಡಿದರು. ಹುಲಿ ಸಿಕ್ಕಿತೆಂದು ಊರು ನಿಟ್ಟುಸಿರು ಬಿಟ್ಟ ದಿನ ಅವ್ವ ಕೇಳಿದ್ದು ಸತ್ತವರ ಮನೆಯವರ ಬಗ್ಗೆ. ಹುಲಿಗೆ ಕೈಮುಗಿಯುವುದೂ ಬಿದ್ದವನಿಗೆ ಮರುಗುವುದೂ ಒಂದೇ ಮನಸ್ಸಿನಲ್ಲಿ ಇರಬಲ್ಲವು ಎಂಬುದನ್ನು ನಾನು ಓದಿದ ಯಾವ ಬರಹವೂ ನನಗೆ ಹೇಳಿರಲಿಲ್ಲ.

ಆ ಸಂಜೆ ಮಗಳು ಕೇಳಿದಳು: ‘ಅಪ್ಪ, ಈ ಹುಲಿಯ ಊರು ಎಲ್ಲಿದೆ?’ ನಮ್ಮ ಮನೆಯಿಂದ ಎರಡು ಗಂಟೆಯ ದಾರಿಯ ಶ್ರೀರಂಗಪಟ್ಟಣಕ್ಕೆ ನಾನು ಅವಳನ್ನು ಒಮ್ಮೆಯೂ ಕರೆದೊಯ್ದಿರಲಿಲ್ಲ. ಊರಿಗೆ ಬಂದ ಮೊದಲ ಭಾನುವಾರವೇ ಹೋಗಿ ಅಲ್ಲಿನ ದರಿಯಾ ದೌಲತ್ ಅರಮನೆಯ ಗೋಡೆಯ ಚಿತ್ರಗಳನ್ನು ತೋರಿಸಿದೆ.

ಮಕ್ಕಳನ್ನು ಕಟ್ಟಿಕೊಂಡು ಪರದೇಶದ ದೊಡ್ಡ ನಗರಕ್ಕೆ ಹೊರಟವರಲ್ಲಿ ನನ್ನದೊಂದು ಮಾತು. ದಿನಕ್ಕೆ ಒಂದೇ ಜಾಗ ನೋಡಿ, ಅಲ್ಲಿ ಸಾಕಷ್ಟು ಹೊತ್ತು ನಿಲ್ಲಿ. ಮನೆಯ ಹಿರಿಯರನ್ನು ಜೊತೆಗೆ ಕರೆದುಕೊಂಡು ಹೋಗಿ. ಹೊರಡುವ ಮೊದಲು ನಿಮ್ಮ ಊರಿನ ಸುತ್ತಮುತ್ತಲನ್ನು ಮಕ್ಕಳಿಗೆ ಒಮ್ಮೆ ತೋರಿಸಿಬಿಡಿ.