ಉಡುಪಿಗೊಂದು ಬ್ಯಾಂಕು ಕೊಟ್ಟ ವ್ಯಾಪಾರಿ

ಉಡುಪಿಗೆ ಹೋದವರು ಕೃಷ್ಣನ ದರ್ಶನ ಮಾಡಿ, ರಥಬೀದಿ ಸುತ್ತಿ, ಊಟ ಮುಗಿಸಿ ಮಲ್ಪೆ ಕಡಲಿನತ್ತ ಹೊರಡುತ್ತಾರೆ. ಅದೇ ಪೇಟೆಯಲ್ಲಿ ಒಬ್ಬ ವ್ಯಾಪಾರಿಯ ಹಳೆಯ ಮನೆಯಿದೆ. ಖಾನ್ ಬಹದ್ದೂರ್ ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬರು ಬಾಳಿದ ಮನೆ ಅದು. ಅವರೇ ಸ್ಥಾಪಿಸಿದ ಕಾರ್ಪೊರೇಷನ್ ಬ್ಯಾಂಕು ಅದನ್ನು ಜೋಪಾನವಾಗಿ ಉಳಿಸಿ ನಾಣ್ಯ ಸಂಗ್ರಹಾಲಯವನ್ನಾಗಿ ಮಾಡಿತು. ಕ್ರಿಸ್ತಪೂರ್ವದ ಮುದ್ರಾಂಕಿತ ನಾಣ್ಯಗಳಿಂದ ಹಿಡಿದು ವಿಜಯನಗರ, ಮೊಗಲ್, ಬ್ರಿಟಿಷ್ ಕಾಲದ ನಾಣ್ಯಗಳವರೆಗೆ ಇಲ್ಲಿ ನೋಡಲು ಸಿಗುತ್ತವೆ. ಆದರೆ ಆ ನಾಣ್ಯಗಳಿಗಿಂತ ದೊಡ್ಡ ಕಥೆ ಆ ಮನೆಯದೇ.

1906ರ ಉಡುಪಿಯನ್ನು ನೆನೆಸಿಕೊಳ್ಳಿ. ಅದಾಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ಸಣ್ಣ ಪಟ್ಟಣ. ಅಷ್ಟಮಠಗಳ ಊರಾದ್ದರಿಂದ ಯಾತ್ರಿಕರ ಓಡಾಟವಿತ್ತು. ಮಲ್ಪೆ ಬಂದರಿದ್ದುದರಿಂದ ಅಕ್ಕಿ, ತೆಂಗು, ಮೀನಿನ ವ್ಯಾಪಾರವೂ ಇತ್ತು. ಇಲ್ಲದಿದ್ದದ್ದು ಬ್ಯಾಂಕು. ಬ್ಯಾಂಕಿನ ಕೆಲಸವಿದ್ದರೆ ಮಂಗಳೂರಿಗೇ ಹೋಗಬೇಕಿತ್ತು. ಸುಮಾರು 60 ಕಿಲೋಮೀಟರ್ ದೂರ. ಎತ್ತಿನಗಾಡಿಯ ಪಯಣ, ನಡುವೆ ದೋಣಿಯಲ್ಲಿ ದಾಟಬೇಕಾದ ಹೊಳೆಗಳು. ಬಿತ್ತನೆಗೆ, ಮದುವೆಗೆ, ಕಾಯಿಲೆಗೆ ಹಣ ಬೇಕಾದ ಬಡವರು ಲೇವಾದೇವಿಯವರ ಮನೆ ಬಾಗಿಲಲ್ಲೇ ನಿಲ್ಲಬೇಕಿತ್ತು. ಅಲ್ಲಿ ಬಡ್ಡಿ ಎಷ್ಟೆಂಬುದನ್ನು ಕೊಡುವವನೇ ನಿಗದಿ ಮಾಡುತ್ತಿದ್ದ.

ಬಂಗಾಳದ ವಿಭಜನೆಯ ನಂತರ ಎದ್ದ ಸ್ವದೇಶಿ ಚಳವಳಿಯ ಗಾಳಿ ಆಗ ಕರಾವಳಿಗೂ ಬೀಸಿತ್ತು. ಹಾಜಿ ಅಬ್ದುಲ್ಲಾ ಸಾಹೇಬರು ಹುಟ್ಟಿದ್ದು 1882ರಲ್ಲಿ. ಆಗಿನ್ನೂ ಅವರಿಗೆ ಇಪ್ಪತ್ತನಾಲ್ಕರ ಹರೆಯ. ಊರಿನ ಸಮಾನಮನಸ್ಕರನ್ನು ಕಲೆಹಾಕಿಕೊಂಡು ಅವರು 1906ರ ಮಾರ್ಚ್ 12ರಂದು ‘ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್ (ಉಡುಪಿ) ಲಿಮಿಟೆಡ್’ ಆರಂಭಿಸಿದರು. ಮೂಲ ಬಂಡವಾಳ 5,000 ರೂಪಾಯಿ. ಧ್ಯೇಯವಾಕ್ಯ ‘ಸರ್ವೇ ಜನಾಃ ಸುಖಿನೋ ಭವಂತು’. ಬ್ಯಾಂಕು ತೆರೆಯುವ ಮುನ್ನ ಸ್ಥಾಪಕರು ಜನರ ಮುಂದಿಟ್ಟ ಮನವಿಯಲ್ಲಿ ಎರಡು ಮಾತು ಮುಖ್ಯವಾಗಿದ್ದವು: ಜಾತಿ, ಮತದ ಭೇದವಿಲ್ಲದೆ ಎಲ್ಲರಿಗೂ ಉಳಿತಾಯ ರೂಢಿಯಾಗಬೇಕು, ಎಲ್ಲ ವರ್ಗದವರೂ ಒಬ್ಬರಿಗೊಬ್ಬರು ಕೈಜೋಡಿಸುವ ಅಭ್ಯಾಸ ಬೆಳೆಯಬೇಕು. ಇದೇ ನಿಜವಾದ ಸ್ವದೇಶಿ ಎಂದು ಅವರು ನಂಬಿದ್ದರು.

ಮೊದಲ ದಿನದ ಕೊನೆಗೆ ಬ್ಯಾಂಕಿನಲ್ಲಿ ಸೇರಿದ್ದ ಮೊತ್ತ 38 ರೂಪಾಯಿ, 13 ಆಣೆ, 2 ಪೈ. ರೂಪಾಯಿಗೆ 16 ಆಣೆ, ಆಣೆಗೆ 12 ಪೈ ಇದ್ದ ಕಾಲ ಅದು. ಇಂದಿನವರಿಗೆ ನಗು ಬರಿಸುವಷ್ಟು ಸಣ್ಣ ಮೊತ್ತ ಇದು. ನನಗೆ ಮಾತ್ರ ಆ ಕೊನೆಯ 2 ಪೈಗಳ ಮೇಲೆಯೇ ಗೌರವ. ಪೈ ಲೆಕ್ಕದಲ್ಲಿ ಬದುಕುವವನ ಹಣವನ್ನೂ ಪುಸ್ತಕದಲ್ಲಿ ಬರೆದು, ಅದಕ್ಕೆ ಹೊಣೆಯಾಗಿ ನಿಂತ ಸಂಸ್ಥೆ ಅದು.

ಅದೇ ವರ್ಷ ಜುಲೈ 1ರಂದು ಮಂಗಳೂರಿನಲ್ಲಿ ವಕೀಲ ಅಮ್ಮೆಂಬಳ ಸುಬ್ಬರಾವ್ ಪೈಗಳು ಮುಂದೆ ಕೆನರಾ ಬ್ಯಾಂಕಾಗಿ ಬೆಳೆದ ನಿಧಿಯನ್ನು ಸ್ಥಾಪಿಸಿದರು. ಅಕ್ಟೋಬರಿನಲ್ಲಿ ಮದ್ರಾಸಿನ ಹೆಸರಾಂತ ಆರ್ಬತ್‌ನಾಟ್ ಕಂಪನಿ ದಿವಾಳಿಯೆದ್ದಿತು. ಇಂಗ್ಲಿಷರ ದೊಡ್ಡ ಸಂಸ್ಥೆಯೆಂದು ನಂಬಿ ಹಣವಿಟ್ಟಿದ್ದ ಎಷ್ಟೋ ಕುಟುಂಬಗಳು ಬೀದಿಗೆ ಬಿದ್ದವು. ಅಂಥ ವರ್ಷದಲ್ಲಿ ಹುಟ್ಟಿದ ಉಡುಪಿಯ ಪುಟ್ಟ ಬ್ಯಾಂಕು ಅವಸರಪಡಲಿಲ್ಲ. ಮೊದಲ ಶಾಖೆ ಕುಂದಾಪುರದಲ್ಲಿ ತೆರೆದದ್ದು 1923ರಲ್ಲಿ, ಅಂದರೆ ಹದಿನೇಳು ವರ್ಷಗಳ ಮೇಲೆ. ಮಂಗಳೂರಿನ ರಥಬೀದಿಗೆ ಅದು ಕಾಲಿಟ್ಟದ್ದು 1926ರಲ್ಲಿ. ಅಷ್ಟರಲ್ಲಿ ಉಡುಪಿಯಲ್ಲೇ ಸಿಂಡಿಕೇಟ್ ಬ್ಯಾಂಕು ಹುಟ್ಟಿತ್ತು. 1928ರಲ್ಲಿ ಅದು ಮನೆಮನೆಗೆ ಹೋಗಿ ಚಿಲ್ಲರೆ ಕಾಸು ಸಂಗ್ರಹಿಸುವ ಪಿಗ್ಮಿ ಠೇವಣಿ ಶುರುಮಾಡಿತು. ಬಡವರ ಪುಡಿಗಾಸನ್ನು ನಂಬಿ ಬ್ಯಾಂಕು ಕಟ್ಟಬಹುದೆಂದು ದೇಶಕ್ಕೆ ತೋರಿಸಿದ್ದು ಈ ಜಿಲ್ಲೆ.

ಹಾಜಿ ಅಬ್ದುಲ್ಲಾ ಸಾಹೇಬರ ಕೊಡುಗೈಯ ಕಥೆಗಳನ್ನು ಉಡುಪಿಯಲ್ಲಿ ಇಂದಿಗೂ ಹೇಳುತ್ತಾರೆ. ಊರಿಗೆ ಅಕ್ಕಿಯ ಬರ ಬಂದಾಗ ರಂಗೂನಿನಿಂದ ಹಡಗಿನಲ್ಲಿ ಅಕ್ಕಿ ತರಿಸಿ ಹಂಚಿದರಂತೆ. ಕೃಷ್ಣಮಠದ ಲಕ್ಷದೀಪೋತ್ಸವಕ್ಕೆ ಎಣ್ಣೆ ಸಾಲದಾದಾಗ ತಾವೇ ಒದಗಿಸಿದರಂತೆ. ಇವು ಬಾಯಿಂದ ಬಾಯಿಗೆ ಬಂದ ಮಾತುಗಳು. ಒಂದು ದೇವಸ್ಥಾನದ ಊರು ತನ್ನ ಮುಸ್ಲಿಂ ವ್ಯಾಪಾರಿಯನ್ನು ಹೀಗೆ ನೆನೆಯುತ್ತಿದೆ ಎಂಬುದೇ ಅವರು ಗಳಿಸಿದ್ದ ಪ್ರೀತಿಗೆ ಸಾಕ್ಷಿ. ಕಣ್ಣೆದುರಿಗಿರುವ ಕೊಡುಗೆ ಇನ್ನೊಂದು: ಪೇಟೆಯ ನಡುವೆ ಬೆಲೆಬಾಳುವ ಸ್ವಂತ ಜಾಗವನ್ನು ಅವರು ಸರ್ಕಾರಿ ಆಸ್ಪತ್ರೆಗೆ ಬಿಟ್ಟುಕೊಟ್ಟರು. ಅಲ್ಲಿರುವ ತಾಯಿ ಮತ್ತು ಮಕ್ಕಳ ಆಸ್ಪತ್ರೆಗೆ ಅವರದೇ ಹೆಸರಿದೆ. 2017ರಲ್ಲಿ ಅಲ್ಲಿ 200 ಹಾಸಿಗೆಗಳ ಹೊಸ ಕಟ್ಟಡ ಬಂತು. ಅದರ ನಿರ್ವಹಣೆಯನ್ನು ಖಾಸಗಿಯವರಿಗೆ ಕೊಡುವ ಮಾತು ಬಂದಾಗ, ಬಡವರಿಗೆಂದು ದಾನ ಬಂದ ನೆಲ ಬಡವರ ಕೈತಪ್ಪಬಾರದು ಎಂದು ಊರಿನ ಜನ ದನಿಯೆತ್ತಿದ್ದರು. ಮುಂದೆ ಆಸ್ಪತ್ರೆ ಸರ್ಕಾರದ ಕೈಗೇ ಬಂತು. ದಾನಿ ತೀರಿಕೊಂಡು ಎಂಬತ್ತು ವರ್ಷ ಕಳೆದ ಮೇಲೂ ದಾನದ ಉದ್ದೇಶವನ್ನು ಊರು ಮರೆತಿರಲಿಲ್ಲ.

1935ರಲ್ಲಿ, ಐವತ್ತಮೂರರ ಆಸುಪಾಸಿನಲ್ಲಿ, ಸಾಹೇಬರು ತೀರಿಕೊಂಡರು. ಅವರು ಕಟ್ಟಿದ ಬ್ಯಾಂಕು ಆ ನಂತರವೂ ಬೆಳೆಯಿತು. 1972ರಲ್ಲಿ ಕಾರ್ಪೊರೇಷನ್ ಬ್ಯಾಂಕ್ ಎಂದು ಹೆಸರು ಪಡೆಯಿತು. 1980ರ ಏಪ್ರಿಲ್ 15ರಂದು ರಾಷ್ಟ್ರೀಕರಣವಾಯಿತು. 2020ರ ಏಪ್ರಿಲ್ 1ರಂದು ಅದು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು. ಅದೇ ದಿನ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿಗೆ ಸೇರಿತು. ಉಡುಪಿಯಲ್ಲಿ ಹುಟ್ಟಿದ ಎರಡು ಬ್ಯಾಂಕುಗಳ ಹೆಸರು ಒಂದೇ ದಿನ ಫಲಕಗಳಿಂದ ಇಳಿದವು. ಕರಾವಳಿಯಲ್ಲಿ ತಲೆಮಾರುಗಳ ಕಾಲ ಈ ಬ್ಯಾಂಕುಗಳಲ್ಲಿ ಖಾತೆಯಿಟ್ಟವರಿಗೆ, ಅಲ್ಲಿ ನೌಕರಿ ಹಿಡಿದು ಸಂಸಾರ ಸಾಗಿಸಿದವರಿಗೆ ಅದು ನೋವಿನ ದಿನ.

ಬ್ಯಾಂಕಿನ ಹೆಸರೇ ಇಲ್ಲವಾದ ಮೇಲೆ ಅದನ್ನು ಕಟ್ಟಿದವರ ನೆನಪು ಉಳಿಸಿಕೊಳ್ಳುವ ಹೊಣೆ ಊರಿನವರದು, ನಾಡಿನವರದು. ಸಂಗ್ರಹಾಲಯವಾದ ಆ ಮನೆಯನ್ನು ಅಷ್ಟೇ ಅಕ್ಕರೆಯಿಂದ ಕಾಪಾಡಿಕೊಂಡು ಹೋಗಬೇಕು. ಉಡುಪಿಗೆ ಪ್ರವಾಸ ಬರುವ ಶಾಲೆಗಳು ಮಕ್ಕಳನ್ನು ಅಲ್ಲಿಗೂ ಕರೆದೊಯ್ಯಬೇಕು. ನಿಮ್ಮ ಊರಿನಲ್ಲೂ ಶಾಲೆಗೆ ನೆಲ ಕೊಟ್ಟ, ಆಸ್ಪತ್ರೆ ಕಟ್ಟಿಸಿದ, ವಾಚನಾಲಯ ತೆರೆದ ಒಬ್ಬ ವ್ಯಾಪಾರಿ ಇದ್ದೇ ಇರುತ್ತಾರೆ. ಅವರನ್ನು ಕಂಡ ಹಿರಿಯರು ಇರುವಾಗಲೇ ಕೇಳಿ ಬರೆದಿಡಿ. ಆಸ್ಪತ್ರೆಯ ಫಲಕ ಓದಿದ ಮಗು ಈ ಹಾಜಿ ಅಬ್ದುಲ್ಲಾ ಯಾರೆಂದು ಕೇಳಿದರೆ ಉತ್ತರ ಕೊಡುವಷ್ಟಾದರೂ ನಾವು ತಿಳಿದಿರಬೇಕು.