ಸ್ಪಿಟ್‌ಫೈರ್ ಕಂಡು ದಾರಿ ಹಿಡಿದ ರೊದ್ದಂ ನರಸಿಂಹ

ಕ್ವೀನ್ಸ್‌ಬರಿಯ ಮಾಲಿಸನ್ ವೇಯಲ್ಲಿ ನೀವು ಎಷ್ಟೋ ಸಲ ಓಡಾಡಿರುತ್ತೀರಿ. ಆ ರಸ್ತೆಗೆ ಜಿಮ್ ಮಾಲಿಸನ್ ಎಂಬ ಪೈಲಟ್‌ನ ಹೆಸರಿಟ್ಟಿದ್ದಾರೆ ಅಂತ ಗೊತ್ತಿತ್ತಾ? ಈಗ ಮನೆಗಳಿರುವ ಆ ಜಾಗದಲ್ಲಿ ಹಿಂದೆ ಸ್ಟ್ಯಾಗ್ ಲೇನ್ ವಿಮಾನ ನಿಲ್ದಾಣವಿತ್ತು. ಹತ್ತಿರದ ಹೆಂಡನ್‌ನ ಆರ್‌ಎಎಫ್ ಮ್ಯೂಸಿಯಂನಲ್ಲಿ ನಿಮ್ಮಲ್ಲಿ ಹಲವರು ಸ್ಪಿಟ್‌ಫೈರ್ ವಿಮಾನವನ್ನೂ ನೋಡಿರಬಹುದು. ಅಂಥದೇ ಒಂದು ಸ್ಪಿಟ್‌ಫೈರ್ ಬೆಂಗಳೂರಿನ ಹುಡುಗನೊಬ್ಬನ ಬದುಕಿನ ದಾರಿಯನ್ನೇ ಬದಲಿಸಿತು. ಈ ತಿಂಗಳು ಅವರನ್ನು ನೆನೆಯೋಣ.

ಪ್ರೊಫೆಸರ್ ರೊದ್ದಂ ನರಸಿಂಹ ಹುಟ್ಟಿದ್ದು 1933ರಲ್ಲಿ. ತಂದೆ ಆರ್. ಎಲ್. ನರಸಿಂಹಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು. ವಿಜ್ಞಾನವನ್ನು ಕನ್ನಡದಲ್ಲಿ ಬರೆದವರು. ಮಗ 1953ರಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪದವಿ ಪಡೆದರು. ಆಗ ಎಂಜಿನಿಯರ್‌ಗಳಿಗೆ ರೈಲ್ವೆಯಂಥ ಭದ್ರ ನೌಕರಿಗಳಿದ್ದವು. ಆದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಿಲ್ಲಿಸಿದ್ದ ಸ್ಪಿಟ್‌ಫೈರ್ ಅವರ ಮನಸ್ಸನ್ನು ಸೆಳೆದಿತ್ತು. ಅವರು ಅಲ್ಲಿಗೇ ಓದಲು ಸೇರಿದರು.

ಅಲ್ಲಿ ಅವರಿಗೆ ಗುರುವಾಗಿ ಸಿಕ್ಕವರು ಸತೀಶ್ ಧವನ್. ಇಬ್ಬರೂ ಹಿಡಿದ ಪ್ರಶ್ನೆಯನ್ನು ನೀವು ಅಡುಗೆಮನೆಯಲ್ಲೇ ನೋಡಬಹುದು. ನಲ್ಲಿಯನ್ನು ಸ್ವಲ್ಪವೇ ತಿರುಗಿಸಿದರೆ ನೀರು ಗಾಜಿನ ಕಡ್ಡಿಯಂತೆ ನಯವಾಗಿ ಇಳಿಯುತ್ತದೆ. ಜೋರಾಗಿ ಬಿಟ್ಟರೆ ಅದೇ ನೀರು ಕಲಕಿಹೋಗುತ್ತದೆ. ವಿಮಾನದ ರೆಕ್ಕೆಗೆ ಅಂಟಿಕೊಂಡು ಹರಿಯುವ ಗಾಳಿಯೂ ಹೀಗೇ ನಯದಿಂದ ಗೊಂದಲಕ್ಕೆ ತಿರುಗುತ್ತದೆ. ಆ ಬದಲಾವಣೆ ಹೇಗೆ ನಡೆಯುತ್ತದೆ ಎಂಬ ಬಗ್ಗೆ 1958ರಲ್ಲಿ ಬಂದ ಪ್ರಬಂಧದಲ್ಲಿ ಗುರು, ಶಿಷ್ಯ ಇಬ್ಬರ ಹೆಸರೂ ಇದೆ.

ಸಹೋದ್ಯೋಗಿಗಳಿಗೆ ಅವರು ಪ್ರೀತಿಯ 'ಆರ್‌ಎನ್'. 1984ರಿಂದ 1993ರವರೆಗೆ ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯವನ್ನು ನಡೆಸಿದರು. ಅಷ್ಟು ಕೆಲಸದ ನಡುವೆಯೂ ಧವನ್ ಅವರ ಗೌರವಾರ್ಥ 1988ರಲ್ಲಿ ಒಂದು ಪುಸ್ತಕ ಸಂಪಾದಿಸಿದರು. ಜೊತೆಗಿದ್ದ ಇನ್ನೊಬ್ಬ ಸಂಪಾದಕರು, ಮುಂದೆ ರಾಷ್ಟ್ರಪತಿಯಾದ ಎ. ಪಿ. ಜೆ. ಅಬ್ದುಲ್ ಕಲಾಂ.

ನನಗೆ ತುಂಬಾ ಇಷ್ಟವಾದದ್ದು ಅವರು 1985ರಲ್ಲಿ ಮೈಸೂರು ರಾಕೆಟ್‌ಗಳ ಬಗ್ಗೆ ಬರೆದದ್ದು. ಹೈದರ್ ಮತ್ತು ಟಿಪ್ಪುವಿನ ಕಾಲದ ಕುಶಲಕರ್ಮಿಗಳು ಮದ್ದನ್ನು ಕಬ್ಬಿಣದ ಕೊಳವೆಯಲ್ಲಿ ತುಂಬುತ್ತಿದ್ದರು. ಕಬ್ಬಿಣ ಹೆಚ್ಚು ಒತ್ತಡ ತಡೆಯುವುದರಿಂದ ರಾಕೆಟ್ ದೂರ ಹೋಗುತ್ತಿತ್ತು. ಆ ರಾಕೆಟ್‌ಗಳು ನಮ್ಮ ಲಂಡನ್ನಿನ ವುಲಿಚ್‌ಗೆ ಬಂದವು. ಇಲ್ಲಿ ವಿಲಿಯಂ ಕಾಂಗ್ರೀವ್ ಪ್ರಯೋಗ ಮಾಡಿ, ಅಳತೆ ಬರೆದಿಟ್ಟು ರಾಕೆಟ್‌ಗಳನ್ನು ಸುಧಾರಿಸಿದ. ಕಾಂಗ್ರೀವ್ ಹೆಸರು ಉಳಿಯಿತು. ಮೈಸೂರಿನಲ್ಲಿ ಕಬ್ಬಿಣ ಬಡಿದವರ ಹೆಸರು ಯಾರೂ ಬರೆದಿಡಲಿಲ್ಲ. ಅವರ ಕೆಲಸವನ್ನಾದರೂ ಮತ್ತೆ ಬೆಳಕಿಗೆ ತಂದವರಲ್ಲಿ ನಮ್ಮ ಆರ್‌ಎನ್ ಒಬ್ಬರು.

ಅವರು 2020ರ ಡಿಸೆಂಬರ್ 14ರಂದು ತೀರಿಕೊಂಡರು. ಅದೇ ವರ್ಷ ಬದುಕಿದ್ದಾಗ ನಾನು ಅವರ ಹೆಸರೂ ಕೇಳಿರಲಿಲ್ಲ. ಈಗ ಯೂನಿವರ್ಸಿಟಿಗೆ ಯಾವ ವಿಷಯ ಆರಿಸಲಿ ಎಂದು ನಾನೂ ಯೋಚಿಸುತ್ತಿದ್ದೇನೆ. ಸಂಬಳ, ಕೆಲಸ ಎಲ್ಲ ಮುಖ್ಯವೇ. ಆದರೆ ಇಪ್ಪತ್ತರ ಹುಡುಗನೊಬ್ಬ ವಿಮಾನದ ಮುಂದೆ ನಿಂತು ಕುತೂಹಲವನ್ನೇ ನಂಬಿದ್ದು ನನಗೆ ಧೈರ್ಯ ಕೊಡುತ್ತದೆ.

ಹೆಂಡನ್ ಮ್ಯೂಸಿಯಂಗೆ ಟಿಕೆಟ್ ಇಲ್ಲ. ಮುಂದಿನ ರಜೆಯಲ್ಲಿ ತಮ್ಮ ತಂಗಿಯರನ್ನು ಕರೆದುಕೊಂಡು ಹೋಗಿ, ಸ್ಪಿಟ್‌ಫೈರ್ ತೋರಿಸಿ, ಆರ್‌ಎನ್ ಕಥೆಯನ್ನು ಕನ್ನಡದಲ್ಲೇ ಹೇಳಿ.