ಒಡೆಯರು ನೂರಾರು, ಹೊಣೆ ಯಾರದು?

ಚಿಕ್ಕಮಗಳೂರು: ವಸ್ತಾರೆಯ ಕಾಫಿ ಬೆಳೆಗಾರರೊಬ್ಬರ ಮೇಲೆ ಸುಳ್ಳು ಆರೋಪ ಹೊರಿಸಿದ ಬರಹವೊಂದು ಅಂತರ್ಜಾಲದಲ್ಲಿ ಪ್ರಕಟವಾಯಿತು ಎಂದಿಟ್ಟುಕೊಳ್ಳೋಣ. ಅದು ಫೇಸ್‌ಬುಕ್‌ನಲ್ಲಿದ್ದರೆ ದೂರು ಸ್ವೀಕರಿಸಲು ಭಾರತದಲ್ಲೇ ನೆಲೆಸಿರುವ ಕುಂದುಕೊರತೆ ಅಧಿಕಾರಿ ಇರಬೇಕೆಂಬ ನಿಯಮವಿದೆ. ಮ್ಯಾಸ್ಟೊಡಾನ್‌ನಲ್ಲಿದ್ದರೆ?

ಜರ್ಮನಿಯ ಯೂಜೆನ್ ರೋಚ್ಕೊ 2016ರಲ್ಲಿ ಆರಂಭಿಸಿದ ಮ್ಯಾಸ್ಟೊಡಾನ್ ಒಂದೇ ಕಂಪನಿಯ ತಾಣವಲ್ಲ. ಅದರ ತಂತ್ರಾಂಶ ಉಚಿತ. ಯಾರು ಬೇಕಾದರೂ ಸ್ವಂತ ಸರ್ವರ್ ಸ್ಥಾಪಿಸಬಹುದು. ಬೇರೆ ಬೇರೆ ಸಂಸ್ಥೆಗಳ ಇ-ಮೇಲ್ ವಿಳಾಸಗಳ ನಡುವೆ ಪತ್ರ ಓಡಾಡುವಂತೆ ಈ ಸರ್ವರ್‌ಗಳ ನಡುವೆ ಬರಹಗಳು ಸಂಚರಿಸುತ್ತವೆ. ಹಿರಿಯ ವಕೀಲ ಸಂಜಯ್ ಹೆಗ್ಡೆ ಅವರ ಟ್ವಿಟರ್ ಖಾತೆ ಅಮಾನತುಗೊಂಡ ವಿವಾದದ ವೇಳೆ, 2019ರ ನವೆಂಬರ್‌ನಲ್ಲಿ, ಅನೇಕ ಭಾರತೀಯರು ಇತ್ತ ವಲಸೆ ಬಂದಿದ್ದರು.

ಕಂಪನಿಯಿಲ್ಲ ಎಂದ ಮಾತ್ರಕ್ಕೆ ಕಾನೂನಿಲ್ಲ ಎಂದಲ್ಲ. ಬರೆದವನೇ ಮೊದಲ ಹೊಣೆಗಾರ. ಪರರ ಬರಹವನ್ನು ಸಂಗ್ರಹಿಸಿಡುವ ಸರ್ವರ್ ನಿರ್ವಾಹಕನಿಗೆ ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 79ನೇ ಕಲಂ ರಕ್ಷಣೆ ನೀಡುತ್ತದೆ. ಆದರೆ ನ್ಯಾಯಾಲಯದ ಆದೇಶ ಅಥವಾ ಸರ್ಕಾರದ ಸೂಚನೆ ತಲುಪಿದ ಮೇಲೂ ಬರಹವನ್ನು ತೆಗೆಯದಿದ್ದರೆ ಆ ರಕ್ಷಣೆ ಉಳಿಯದು.

ತೊಡಕಿರುವುದು ಜಾರಿಯಲ್ಲಿ. 2021ರ ನಿಯಮಗಳ ಪ್ರಕಾರ, ಭಾರತದಲ್ಲಿ ನೆಲೆಸಿರುವ ಅಧಿಕಾರಿಗಳನ್ನು ನೇಮಿಸುವ ಕಡ್ಡಾಯ ದೇಶದಲ್ಲಿ 50 ಲಕ್ಷಕ್ಕೂ ಹೆಚ್ಚು ನೋಂದಾಯಿತ ಬಳಕೆದಾರರಿರುವ ತಾಣಗಳಿಗೆ ಮಾತ್ರ. ವಿದೇಶದಲ್ಲಿ ಸ್ವಯಂಸೇವಕರು ನಡೆಸುವ ಪುಟ್ಟ ಸರ್ವರ್ ಈ ಮಿತಿಯೊಳಗೆ ಬರುವುದಿಲ್ಲ.

ಟ್ವಿಟರ್ ಸಲ್ಲಿಸಿದ್ದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್‌ನ ಏಕಸದಸ್ಯ ಪೀಠ 2023ರ ಜೂನ್ 30ರಂದು ವಜಾಗೊಳಿಸಿ 50 ಲಕ್ಷ ರೂಪಾಯಿ ದಂಡ ವಿಧಿಸಿತ್ತು. ‘ಸಹಯೋಗ್’ ಪೋರ್ಟಲ್ ವಿರುದ್ಧ ಎಕ್ಸ್ ಸಲ್ಲಿಸಿದ್ದ ಅರ್ಜಿಯೂ 2025ರ ಸೆಪ್ಟೆಂಬರ್ 24ರಂದು ತಿರಸ್ಕೃತವಾಯಿತು. ಎರಡರಲ್ಲೂ ನ್ಯಾಯಾಲಯದ ಮುಂದೆ ಒಂದು ಕಂಪನಿಯಿತ್ತು. ಚದುರಿದ ಸರ್ವರ್‌ಗಳ ವಿಷಯದಲ್ಲಿ ಆ ಅನುಕೂಲವಿಲ್ಲ.

ಪ್ರತಿಗಳದ್ದು ಇನ್ನೊಂದು ಸಮಸ್ಯೆ. ಮೂಲ ಸರ್ವರ್‌ನಲ್ಲಿ ಬರಹ ಅಳಿಸಿದರೆ ಇತರ ಸರ್ವರ್‌ಗಳಿಗೂ ಸೂಚನೆ ಹೋಗುತ್ತದೆ. ಪಾಲಿಸುವುದು ಮಾತ್ರ ಆಯಾ ನಿರ್ವಾಹಕರಿಗೆ ಬಿಟ್ಟದ್ದು. 2019ರ ಜುಲೈನಲ್ಲಿ ಅಮೆರಿಕದ ಗ್ಯಾಬ್ ತಾಣ ಇದೇ ತಂತ್ರಾಂಶ ಅಳವಡಿಸಿಕೊಂಡಾಗ ಮ್ಯಾಸ್ಟೊಡಾನ್ ವಿರೋಧಿಸಿತಾದರೂ ತಡೆಯಲಾಗಲಿಲ್ಲ. ಹಲವು ನಿರ್ವಾಹಕರು ಗ್ಯಾಬ್ ಜೊತೆಗಿನ ಸಂಪರ್ಕ ಕಡಿದುಕೊಂಡರು, ಅಷ್ಟೆ.

ಹಾಗಾದರೆ ನೊಂದವರು ಏನು ಮಾಡಬೇಕು? ಬರಹದ ಪೂರ್ಣ ವಿಳಾಸ ಹಾಗೂ ಚಿತ್ರವನ್ನು ಮೊದಲು ಉಳಿಸಿಕೊಳ್ಳಬೇಕು. ಬರೆದವರ ಖಾತೆಯ ಹೆಸರಿನ ಕೊನೆಯ ಭಾಗವೇ ಮೂಲ ಸರ್ವರ್‌ನ ಗುರುತು. ಅಲ್ಲಿನ ನಿರ್ವಾಹಕರಿಗೂ ತಮ್ಮ ಸರ್ವರ್‌ನ ನಿರ್ವಾಹಕರಿಗೂ ದೂರು ನೀಡಬೇಕು. ಬೆದರಿಕೆ, ವಂಚನೆಯಿದ್ದರೆ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಯನ್ನೂ, ಮಾನಹಾನಿಯಾಗಿದ್ದರೆ ನ್ಯಾಯಾಲಯವನ್ನೂ ಸಂಪರ್ಕಿಸಬಹುದು. ತಡವಾದಷ್ಟೂ ಪ್ರತಿಗಳು ಹೆಚ್ಚುತ್ತವೆ ಎಂಬುದನ್ನು ಮರೆಯುವಂತಿಲ್ಲ.